ಕ್ಯಾಲಿಪರ್ ಬಿಚ್ಚುವ ವಿದ್ಯೆ

ಕಾರಿನ ಚಕ್ರವನ್ನು ಕಳಚಿ, ಹಿಂಬದಿಯ ಎರಡು ಬೋಲ್ಟುಗಳನ್ನು ಬಿಚ್ಚಿ, ಬ್ರೇಕಿನ ಕ್ಯಾಲಿಪರನ್ನು ಹೊರತೆಗೆಯುವುದು ಪಾನಾ ಹಿಡಿಯಬಲ್ಲ ಯಾರಿಗೂ ಅಸಾಧ್ಯವಾದ ಕಾರ್ಯವಲ್ಲ. ಆದರೆ ಬಿಚ್ಚಿದುದನ್ನು ಪುನಃ ಜೋಡಿಸಿದ ಮೇಲೆ, ಮುಂದಿನ ಮಳೆಗಾಲ ಕಳೆದರೂ ಅದು ತೊಡಕಿಲ್ಲದೆ ಸರಿದಾಡುವಂತೆ ಮಾಡುವುದು ಕುಶಲನಾದವನಿಗೆ ಮಾತ್ರ ಸಾಧ್ಯ. ಈ ಎರಡನ್ನೂ ಒಂದೇ ಕೆಲಸವೆಂದು ಎಣಿಸುವ ರೂಢಿ ಬೆಳೆದಿರುವುದರಿಂದ, ಅವುಗಳ ಅಂತರವನ್ನು ಈ ವಾರ ವಿವೇಚಿಸುವುದು ಉಚಿತವೆಂದು ತೋರುತ್ತದೆ.

ಡಿಸ್ಕ್ ಎಂಬ ತಿರುಗುವ ತಟ್ಟೆಯನ್ನು ಕ್ಯಾಲಿಪರಿನ ಮೂಲಕ ಇಕ್ಕೆಲಗಳಿಂದ ಅದುಮಿ ಗಾಡಿಯನ್ನು ನಿಲ್ಲಿಸುವ ಕಲ್ಪನೆ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದನಾದರೂ, ತಾಮ್ರದ ಹಿಡಿತದಿಂದ ಹೊರಡುತ್ತಿದ್ದ ಕರ್ಕಶಧ್ವನಿಯೇ ಅದಕ್ಕೆ ಶತ್ರುವಾಯಿತು. 1953ರ ಲೆ ಮಾನ್ಸ್ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳನ್ನು ತೊಟ್ಟ ಜಾಗ್ವಾರ್ ಜಯಿಸಿದ ಬಳಿಕ ಅದರ ಯೋಗ್ಯತೆ ಲೋಕವಿದಿತವಾಯಿತು.

ನಮ್ಮ ಸಾಮಾನ್ಯ ಕಾರುಗಳಲ್ಲಿ ಕಾಣುವ ಕ್ಯಾಲಿಪರಿಗೆ ಒಳಬದಿಯಲ್ಲಿ ಮಾತ್ರ ಪಿಸ್ಟನ್ನುಂಟು. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದೊಡನೆ, ಕ್ಯಾಲಿಪರಿನ ಒಡಲೇ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆದುದರಿಂದ ಆ ಪಿನ್ನುಗಳು ಬಿಗಿದುಕೊಂಡರೆ ಒತ್ತಡದ ಸಮತೋಲನ ಕೆಡುತ್ತದೆ. ಹೊರಗಿನ ಪ್ಯಾಡ್ ಇನ್ನೂ ದಪ್ಪವಾಗಿದ್ದು ಒಳಗಿನದು ತಗಡಿಗೆ ಬಂದಿರುವುದನ್ನು ಕಂಡರೆ, ಪ್ಯಾಡಿನ ಕಂಪನಿಯನ್ನು ದೂರುವ ಮೊದಲು ಪಿನ್ನುಗಳನ್ನು ಹೊರಗೆಳೆದು ನೋಡತಕ್ಕದ್ದು. ಉಪ್ಪುಗಾಳಿಯೂ ದೀರ್ಘ ಮಳೆಗಾಲವೂ ಕೂಡಿದ ನಮ್ಮ ಕರಾವಳಿಯಲ್ಲಿ, ರಬ್ಬರ್ ಬೂಟಿನ ಸಣ್ಣ ಸೀಳಿನಿಂದ ನೀರು ನುಗ್ಗಿ, ಗ್ರೀಸು ಒಣಗಿ ಕಂದುಬಣ್ಣದ ಮೇಣವಾಗಿ, ಪಿನ್ನಿನ ನಡುವೆ ತುಕ್ಕು ಕಚ್ಚಿರುವುದು ಅಪರೂಪವಲ್ಲ.

ಬಿಚ್ಚುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕೊಂದನ್ನೇ ನಂಬಿ ಕೈಯಿಡುವುದು ಅವಿವೇಕ. ಹೊರಬಂದ ಕ್ಯಾಲಿಪರನ್ನು ಹೋಸ್ ಪೈಪಿನ ಮೇಲೆ ಜೋತುಬಿಡದೆ, ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಬೇಕು. ಹೊಸ ಪ್ಯಾಡ್ ಹಿಡಿಯುವಂತೆ ಪಿಸ್ಟನ್ನನ್ನು ಕ್ಲಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತುವಾಗ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ಏರುವುದರಿಂದ, ಅದು ಉಕ್ಕಿ ಬಣ್ಣವನ್ನು ತಿನ್ನದಂತೆ ಮೊದಲೇ ಸ್ವಲ್ಪ ಹೀರಿ ತೆಗೆದಿರಬೇಕು. ಪ್ಯಾಡನ್ನು ಬದಲಿಸುವವರು ಎರಡೂ ಚಕ್ರಗಳಲ್ಲಿ ಒಟ್ಟಿಗೆ ಬದಲಿಸತಕ್ಕದ್ದು.

ಮರುಜೋಡಣೆಯಲ್ಲಿಯೇ ಕುಶಲತೆಯ ನಿಜಪರೀಕ್ಷೆ. ಪಿನ್ನುಗಳನ್ನು ಹೊಳೆಯುವಂತೆ ಒರೆಸಿ, ಅವುಗಳ ರಂಧ್ರಗಳನ್ನು ಶುಚಿಗೊಳಿಸಿ, ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಬೇಕು; ಸಾಮಾನ್ಯ ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಉಬ್ಬಿಸಿ ಪಿನ್ನನ್ನೇ ಹಿಡಿದುಬಿಡುತ್ತದೆ. ಎರಡು ಪಿನ್ನುಗಳ ಆಕಾರ ಭಿನ್ನವಾಗಿರುವ ಕ್ಯಾಲಿಪರುಗಳುಂಟಾದ್ದರಿಂದ ಮೇಲಿನದನ್ನು ಮೇಲೆಯೇ ಸೇರಿಸತಕ್ಕದ್ದು. ಹೋಸನ್ನು ಬಿಚ್ಚಿದ್ದರೆ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕಿ ಏರ್ ತೆಗೆಯಬೇಕು. ಇಕ್ಕೆಲದ ಕ್ಯಾಲಿಪರುಗಳನ್ನು ಅದಲುಬದಲು ಮಾಡಿದವನಿಗೆ ಏರ್ ತೆಗೆಯುವ ನಿಪ್ಪಲು ಕೆಳಮುಖವಾಗಿ ಕೂರುವುದು. ಗಾಳಿ ಮೇಲೆಯೇ ಉಳಿಯುವುದರಿಂದ ಆತನು ಎಷ್ಟು ಪೆಡಲ್ ತುಳಿದರೂ ಫಲವಿಲ್ಲ.

ಎಲ್ಲವೂ ಮುಗಿದ ಮೇಲೆ ಗಾಡಿಯನ್ನು ಕದಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಒಳಕ್ಕೆ ಒತ್ತಲ್ಪಟ್ಟ ಪಿಸ್ಟನ್ ಪ್ಯಾಡನ್ನು ಮುಟ್ಟುವತನಕ ಬ್ರೇಕೇ ಇರುವುದಿಲ್ಲ. ಕೆಲಸವನ್ನು ಪರರಿಗೆ ವಹಿಸುವ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೊಸ ಪ್ಯಾಡಿನ ಬಿಲ್ಲನ್ನು ನೋಡುವ ಮೊದಲು, ಪಿನ್ನುಗಳನ್ನು ತೆಗೆದು ಒರೆಸಿದಿರಾ ಎಂದು ಮೆಕ್ಯಾನಿಕ್ಕನ್ನು ಕೇಳಿರಿ.