ಕಾಯಿರಿ ಎನ್ನುವ ಪ್ರಸಂಗ

ದಲಿತ ವಿಮರ್ಶೆ ಎಂದಾಗ ನಾವು ಕಥೆ, ಕಾವ್ಯ, ಆತ್ಮಕಥೆ ಹಿಡಿದು ಕೂರುತ್ತೇವೆ. ಆದರೆ ನಮ್ಮ ಕೇರಿಯ ಕ್ರೈಸ್ತರು ಹುಟ್ಟಿದಾಗಿನಿಂದ ಸಾಯುವ ತನಕ ವಾರವಾರವೂ ಕೇಳುವ ಪಠ್ಯವೊಂದಿದೆ: ಭಾನುವಾರದ ಪ್ರಸಂಗ. ಅದನ್ನು ಪಠ್ಯವೆಂದು ಓದುವ ಧೈರ್ಯ ನನಗೂ ಇರಲಿಲ್ಲ. ಅದು ಬಂದದ್ದು ಅಜ್ಜಿಯಿಂದ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಮೊದಲ ಭಾನುವಾರ ತುಮಕೂರು ಸೀಮೆಯ ನಮ್ಮೂರ ಗುಡಿಯಲ್ಲಿ ಅಯ್ಯನವರು ನಿರೀಕ್ಷೆಯಿಂದ ಕಾಯುವುದರ ಬಗ್ಗೆ ಮುಕ್ಕಾಲು ಗಂಟೆ ಬೋಧಿಸಿದರು. ಹೊರಗೆ ಬಂದ ಅಜ್ಜಿ ಚಪ್ಪಲಿ ಮೆಟ್ಟುತ್ತಾ, "ಅಯ್ಯನೋರು ಕಾಯ್ರಿ ಅಂತಾರೆ ಕಣ್ ಮಗ. ಗೌಡ್ರ ಕಣದಾಗೆ, ತಾಲ್ಲೂಕಾಪೀಸ್ನಾಗೆ ನಾವು ಕಾದಿದ್ದು ಸಾಲ್ದಾ?" ಅಂದಳು.

ಇದೇ ಕಾಲದಲ್ಲಿ ಲೂಕನ ಸುವಾರ್ತೆಯಿಂದ ಮರಿಯಳ ಹಾಡು ಓದುತ್ತಾರೆ. ಆಳುವವರು ಗದ್ದುಗೆಯಿಂದ ಉರುಳಿದ್ದನ್ನು, ಹಸಿದವರ ಹೊಟ್ಟೆ ತುಂಬಿ ಉಳ್ಳವರು ಬರಿಗೈಲಿ ಹೋದದ್ದನ್ನು ಹಳ್ಳಿಯ ಹುಡುಗಿಯೊಬ್ಬಳು ಆಗಿಹೋದ ಸಂಗತಿಯೆಂಬಂತೆ ಹಾಡುತ್ತಾಳೆ. ಕ್ರಿಯಾಪದಗಳನ್ನು ಗಮನಿಸಿ, ಎಲ್ಲವೂ ಭೂತಕಾಲ. ಪ್ರಸಂಗದಲ್ಲಿ ಇದೇ ಭವಿಷ್ಯತ್ಕಾಲವಾಗುತ್ತದೆ. ಗದ್ದುಗೆ ಎಂಬುದು ನಮ್ಮೊಳಗಿನ ಅಹಂಕಾರವಾಗಿಬಿಡುತ್ತದೆ. ಗೌಡರ ಕಣ ಎಲ್ಲಿತ್ತೋ ಅಲ್ಲೇ ಇರುತ್ತದೆ, ಅಹಂಕಾರ ಬಿಡಬೇಕಾದವಳು ಅಜ್ಜಿ!

ಈಸ್ಟರ್ ಬಂದರೆ ಮಾತು ನವೀಕರಣದ್ದು. ನೀವೀಗ ಹೊಸ ಸೃಷ್ಟಿ, ಕ್ರಿಸ್ತನಲ್ಲಿ ಜಾತಿಯಿಲ್ಲ, ಹಳೆಯದನ್ನು ಮರೆತುಬಿಡಿ. ಕೇಳಲು ಚೆನ್ನಾಗಿದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿತು: ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಗೆ ಸೇರಿದರು. ಕ್ರೈಸ್ತರು, ಮುಸ್ಲಿಮರು ಹೊರಗುಳಿದರು. ಆ ಪ್ಯಾರಾವನ್ನೇ ತೆಗೆಯಿರಿ ಎಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. 2022ರಲ್ಲಿ ಇನ್ನೊಂದು ಆಯೋಗ ಕೂತಿತು. ಕರ್ನಾಟಕದ ಹಿಂದುಳಿದವರ ಪಟ್ಟಿಯಲ್ಲಿ ಕ್ರೈಸ್ತರಾದ ಪರಿಶಿಷ್ಟರು ಪ್ರವರ್ಗ 1ರಲ್ಲಿದ್ದಾರೆ. ಅಂದರೆ ದೀಕ್ಷಾಸ್ನಾನದ ನೀರಿಗೆ ಜಾತಿ ತೊಳೆದುಹೋಗಲಿಲ್ಲವೆಂದು ಸರ್ಕಾರಿ ಕಾಗದ ಅರ್ಧವಾದರೂ ಒಪ್ಪಿದೆ. ಪ್ರಸಂಗ ಪೀಠ ಅಷ್ಟೂ ಒಪ್ಪಿಲ್ಲ. ಒಪ್ಪಿದರೆ ಗುಡಿಯೊಳಗಿನ ಜಾತಿಯ ಲೆಕ್ಕವನ್ನೂ ತೆಗೆಯಬೇಕಾಗುತ್ತದಲ್ಲ.

ಯೋಹಾನನ ಸುವಾರ್ತೆಯಲ್ಲಿ ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇದೆ. ಹೊಸ ದೇಹವೂ ಗಾಯ ಮರೆತಿಲ್ಲ. ಗಾಯ ನೋಡದೆ ನಂಬಲಾರೆ ಅಂದ ತೋಮ ಪ್ರತಿ ವರ್ಷ ಅಪನಂಬಿಕೆಯವನೆಂದು ಬೈಸಿಕೊಳ್ಳುತ್ತಾನೆ. ನನಗಂತೂ ಅವನು ನಮ್ಮವನೇ ಅನ್ನಿಸುತ್ತಾನೆ.

ನಿರೀಕ್ಷೆಯೇ ಮೋಸ ಎಂದು ನಾನು ಹೇಳುತ್ತಿಲ್ಲ. ಗೊಣಗಿದ ಅಜ್ಜಿ ಮರುವಾರವೂ ಗುಡಿಗೆ ಹೋದಳು. ನಾನು ಎಂ.ಎ. ಓದಿ ಪಾಠ ಹೇಳುತ್ತಿರುವುದೂ ಮಿಷನ್ ಹಾಸ್ಟೆಲಿನ ಅನ್ನದಿಂದಲೇ. ಗುಡಿಯ ಪಂಚಾಂಗವನ್ನು ಬೇರೆ ರೀತಿ ಓದಿದವರೂ ಇದ್ದಾರೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರದ ಮಾತೆತ್ತಿ, ಮುಂದೆ ದಲಿತ ದೇವಶಾಸ್ತ್ರ ಕಟ್ಟಿದ ಅರವಿಂದ ಪಿ. ನಿರ್ಮಲ್ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ಹಿಡಿದರು. ಅಲ್ಲಿ ಬೆಳೆಯ ಮೊದಲ ಫಲ ತಂದವನು ಸುಮ್ಮನೆ ಸ್ತೋತ್ರ ಹೇಳಿ ಹೋಗುವಂತಿಲ್ಲ. ಬುಟ್ಟಿಯನ್ನು ದೇವರ ಮುಂದಿಟ್ಟು, ತನ್ನ ಹಿರೀಕರು ದಿಕ್ಕಿಲ್ಲದೆ ಅಲೆದದ್ದನ್ನು, ದಾಸರಾಗಿ ದುಡಿದದ್ದನ್ನು ಬಾಯಿಬಿಟ್ಟು ಹೇಳಬೇಕು. ಹೊಸ ಬೆಳೆಯ ಜೊತೆಗೇ ಹಳೆಯ ಜೀತದ ಕತೆ.

ನಮ್ಮೂರ ಸುಗ್ಗಿ ಹಬ್ಬದಲ್ಲಿ ಅಜ್ಜಿ ಎರಡು ಸೇರು ರಾಗಿ ಕೊಟ್ಟಳು. ಅದು ಕೂಲಿಗೆ ಬಂದ ರಾಗಿ. ಅಯ್ಯನವರು ಆಶೀರ್ವದಿಸಿ ಹರಾಜಿಗಿಟ್ಟರು. ಯಾರ ಹೊಲದ್ದು ಎಂದು ಕೇಳಲಿಲ್ಲ.