ತೇಲುವ ಮಿನ್ನೋ: ಗುಣವೂ ದೋಷವೂ ಹಗುರತನದಲ್ಲೇ

ಫಿನ್‌ಲ್ಯಾಂಡಿನ ಪೈಯಾನ್ನೆ ಸರೋವರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ಲೌರಿ ರಪಾಲ 1936ರಲ್ಲಿ ಕಾರ್ಕ್ ತುಂಡನ್ನು ಮೀನಿನಾಕಾರಕ್ಕೆ ಕೆತ್ತಿ, ಚಾಕೊಲೇಟಿನ ತಗಡುಹಾಳೆ ಸುತ್ತಿ, ಕರಗಿಸಿದ ಫೋಟೊ ನೆಗೆಟಿವ್ ಬಳಿದು ಒಂದು ಹುಸಿಮೀನು ಮಾಡಿದರು. ಹಿಂಡಿನಿಂದ ಬೇರಾಗಿ ಓಲಾಡುತ್ತಾ ಈಜುವ ಗಾಯಾಳು ಮರಿಯನ್ನೇ ಬೇಟೆಮೀನು ಮೊದಲು ಹಿಡಿಯುತ್ತದೆಂಬುದು ಅವರು ಕಂಡುಕೊಂಡ ಸತ್ಯ. 1962ರ ಆಗಸ್ಟಿನಲ್ಲಿ ಮರ್ಲಿನ್ ಮನ್ರೋ ಮುಖಪುಟವಿದ್ದ 'ಲೈಫ್' ಪತ್ರಿಕೆಯ ಸಂಚಿಕೆಯಲ್ಲಿ ಈ ಹುಸಿಮೀನಿನ ಕುರಿತು ಲೇಖನ ಬಂದ ಮೇಲೆ ಅಮೆರಿಕದಲ್ಲಿ ಇದಕ್ಕೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಆ ಕೀರ್ತಿಗೆ 'ತೇಲುವ ಮಿನ್ನೋ' ಎನಿಸಿಕೊಂಡ ಈ ಹುಸಿಮೀನು ಎಷ್ಟರಮಟ್ಟಿಗೆ ಅರ್ಹ?

ಮುಂದೆ ಕಾರ್ಕಿನ ಜಾಗಕ್ಕೆ ಬಾಲ್ಸಾ ಮರ ಬಂತು. 11 ಸೆಂಟಿಮೀಟರಿನ ಮಿನ್ನೋ ತೂಗುವುದು ಸುಮಾರು 6 ಗ್ರಾಂ. ಸುಮ್ಮನಿದ್ದರೆ ನೀರಿನ ಮೇಲೆ ತೇಲುತ್ತದೆ; ರೀಲ್ ಸುತ್ತಿದರೆ ಮೂತಿಯ ಕೆಳಗಿನ ತುಟಿ ನೀರನ್ನು ಸೀಳಿ, ಮೈ ಎಡಬಲ ಓಲಾಡುತ್ತಾ ಒಂದೆರಡು ಮೀಟರ್ ಆಳಕ್ಕಿಳಿಯುತ್ತದೆ. ಇದರ ಜಾಣ್ಮೆ ಈಜಿಗಿಂತ ನಿಲುಗಡೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸುತ್ತುವುದನ್ನು ನಿಲ್ಲಿಸಿದರೆ 'ಸ್ಪೂನ್' ಎಂಬ ಲೋಹದ ಹುಸಿಮೀನು ತಳ ಸೇರುತ್ತದೆ. ಮಿನ್ನೋ ದಣಿದ ಮರಿಯಂತೆ ಮೆಲ್ಲಗೆ ಮೇಲೇಳುತ್ತದೆ. ಹಿಂಬಾಲಿಸಿ ಬಂದು ಅನುಮಾನಿಸುವ ಮೀನು ಬಾಯಿ ಹಾಕುವುದು ಅನೇಕ ಸಲ ಆಗಲೇ. ಒಂದೇ ಸಮನೆ ಸುತ್ತುವವರು ಇದರ ಅರ್ಧ ಗುಣವನ್ನು ವ್ಯರ್ಥ ಮಾಡುತ್ತಾರೆ.

ಇದೇ ಹಗುರತನ ಕಾಟವೂ ಹೌದು. ಎದುರುಗಾಳಿಗೆ ಎಸೆದರೆ ಗಾಳಿಪಟದಂತೆ ತಿರುಗಿ ಬೀಳುತ್ತದೆ. ದಪ್ಪ ದಾರ, ಗಡುಸಾದ ರಾಡ್ ಇದಕ್ಕೆ ಆಗಿಬರದು. ಗಂಟು ಬಿಗಿದು ಕಟ್ಟಿದರೆ ಓಲಾಟ ಸಾಯುತ್ತದೆ; ಸಡಿಲ ಕುಣಿಕೆಯೇ ಬೇಕು. ಈಜುವಾಗ ಮಿನ್ನೋ ಒಂದು ಪಕ್ಕಕ್ಕೆ ಎಳೆದರೆ ದಾರ ಕಟ್ಟುವ ಕಣ್ಣನ್ನು ಇಕ್ಕಳದಿಂದ ಎದುರು ಪಕ್ಕಕ್ಕೆ ಕೂದಲೆಳೆಯಷ್ಟು ಬಗ್ಗಿಸಬೇಕು. ಬಂಡೆಗೆ ಬಡಿದರೆ ಬಾಲ್ಸಾ ಬಿರಿಯುತ್ತದೆ, ನೀರು ಕುಡಿದು ಹದ ಕೆಡುತ್ತದೆ. ಪ್ಲಾಸ್ಟಿಕ್ ಮಿನ್ನೋಗಳು ತಾಳುತ್ತವೆ, ದೂರಕ್ಕೂ ಹಾರುತ್ತವೆ. ಆದರೆ ಬಾಲ್ಸಾದ ಚುರುಕು ಅವುಗಳಲ್ಲಿ ಅಪರೂಪ.

ನಮ್ಮ ನೀರಿಗೆ ಇದು ಹೊಂದುತ್ತದೆಯೇ? ಕೊರಮೀನು ಅಡಗುವ ಜೊಂಡು, ತಾವರೆ ತುಂಬಿದ ಕೆರೆಗಳಲ್ಲಿ ಇಲ್ಲ. ಮಿನ್ನೋದ ಮೂರು ಮುಳ್ಳಿನ ಕೊಕ್ಕೆಗಳು ಮೀನಿಗಿಂತ ಮೊದಲು ಕಳೆಯನ್ನು ಹಿಡಿಯುತ್ತವೆ. ಅಲ್ಲಿ ಮುಳ್ಳು ಮೈಯೊಳಗೆ ಅಡಗಿರುವ ರಬ್ಬರ್ ಕಪ್ಪೆಯೇ ಮೇಲು. ಕಳೆಯಿಲ್ಲದ ಕೆರೆಯಂಚು, ಜಲಾಶಯದ ಆಳವಿಲ್ಲದ ಹಿನ್ನೀರು ಇದರ ನಿಜವಾದ ರಂಗ.

ದೊಡ್ಡ ಆಕ್ಷೇಪ ಕೊಕ್ಕೆಗಳ ಮೇಲೇ. ಹಿಡಿದು ಬಿಡುವುದೇ ಧರ್ಮವೆನ್ನುವವರ ಕೈಯಲ್ಲೂ ಈ ತ್ರಿಮುಳ್ಳುಗಳು ಮೀನಿನ ಬಾಯಿ, ಕಿವಿರು, ಕಣ್ಣನ್ನು ಹರಿಯಬಲ್ಲವು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಲ್ಲಿ ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರಿದೆ. ಅಂಥ ಮೀನಿರುವ ನದಿಯಲ್ಲಿ ಈ ಕೊಕ್ಕೆಗಳಿಗೆ ಸಮರ್ಥನೆಯಿಲ್ಲ.

ತೇಲುವ ಮಿನ್ನೋ ಎಲ್ಲ ನೀರಿನ ಮದ್ದಲ್ಲ. ಆಳವಿಲ್ಲದ ತಿಳಿನೀರಿನಲ್ಲಿ, ತಾಳ್ಮೆಯುಳ್ಳವರ ಕೈಯಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಕೊಳ್ಳುವವರು ಕೊಳ್ಳಲಿ. ಆದರೆ ಮೊದಲ ಎಸೆತಕ್ಕೆ ಮುನ್ನ ತ್ರಿಮುಳ್ಳು ತೆಗೆದು, ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆ ಹಾಕಿ, ಓಲಾಟದ ಹದ ಕೆಟ್ಟಿಲ್ಲವೆಂದು ದಡದಲ್ಲೇ ಪರೀಕ್ಷಿಸಿಕೊಳ್ಳಲಿ.