ಕೆಟ್ಟ ಬ್ಯಾಚಿನ ಲೆಕ್ಕ

ಲ್ಯಾಬಿನ ಸಣ್ಣ ಪಾತ್ರೆಯಲ್ಲಿ ಮಾವಿನ ಜಾಮ್ ಚೆನ್ನಾಗಿಯೇ ಬರುತ್ತದೆ: ಬೇಗ ಹದಕ್ಕೆ ಬರುತ್ತದೆ, ಹೊಂಬಣ್ಣ ಉಳಿಯುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಅದೇ ಅಳತೆಯನ್ನು ಹಿಗ್ಗಿಸಿ ನೂರು ಲೀಟರಿನ ಸ್ಟೀಮ್ ಕೆಟಲ್‌ಗೆ ಸುರಿದರೆ ಕಥೆಯೇ ಬೇರೆ. ಪಾತ್ರೆಯ ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ಒಳಗಿನ ರಸ ಎಂಟು ಪಟ್ಟಾಗುತ್ತದೆ, ಬಿಸಿ ತಾಗುವ ಮೈ ಮಾತ್ರ ನಾಲ್ಕೇ ಪಟ್ಟು. ನೀರಿಂಗಿ ಸಕ್ಕರೆಯ ಸಾಂದ್ರತೆ 68 ಬ್ರಿಕ್ಸ್ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿರುತ್ತದೆ. ಅಷ್ಟರಲ್ಲಿ ಹುಳಿಯೂ ಬಿಸಿಯೂ ಸೇರಿ ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್‌ನ ಶಕ್ತಿ ಕುಂದಿಸಿರುತ್ತವೆ; ಬಣ್ಣ ಕಂದು, ಬಾಟಲಿಯಲ್ಲಿ ಜಾಮ್ ಸಡಿಲ. ನಿರ್ವಾತದಲ್ಲಿ ಕಡಿಮೆ ಬಿಸಿಗೆ ಕುದಿಸಬೇಕೆ, ಸಿಟ್ರಿಕ್ ಆಮ್ಲವನ್ನು ಕೊನೆಗೆ ಹಾಕಿದರೆ ಸಾಕೆ? ಕಾರ್ಖಾನೆಗೆ ಕೋಟಿ ಸುರಿಯುವ ಮುಂಚೆ ಇದನ್ನು ತಿಳಿಯಲೆಂದೇ ಅದರ ಚಿಕ್ಕ ಮಾದರಿಯಾದ ಪೈಲಟ್ ಪ್ಲಾಂಟ್ ಇರುವುದು.

ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಈ ದಾರಿಯ ಬೆಲೆ ತೋರಿಸಿಕೊಟ್ಟಿದೆ. ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ ಎಂದು ದೂರವಿಟ್ಟಿದ್ದ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಅದು ರೂಪಿಸಿತು, ಅಮುಲ್ ಮಾರುಕಟ್ಟೆಗೆ ತಂದಿತು.

ಪೈಲಟ್ ಪ್ಲಾಂಟುಗಳ ಇಂದಿನ ಬಳಕೆಯ ಬಗ್ಗೆ ನನಗೆ ಅಷ್ಟು ಮೆಚ್ಚುಗೆಯಿಲ್ಲ. ಎಷ್ಟೋ ಕಡೆ ಪೈಲಟ್ ಪ್ಲಾಂಟ್ ಎಂದರೆ ಗಣ್ಯರು ಬಂದಾಗ ಒಂದು ತಾಸು ಓಡಿಸಿ ತೊಳೆದಿಡುವ, ಮಿರಮಿರ ಹೊಳೆಯುವ ಸ್ಟೀಲು. ಒಂದು ತಾಸಿನಲ್ಲಿ ಏನು ಗೊತ್ತಾದೀತು? ಹಾಲು ಕಾಯಿಸುವ ಪ್ಲೇಟುಗಳಿಗೆ ಪ್ರೋಟೀನಿನ ಪದರ ಹತ್ತಿ ಶಾಖ ಹಾಯುವುದು ಕುಂದುವುದು ತಾಸುಗಟ್ಟಲೆ ಓಡಿಸಿದ ಮೇಲೆ. ಮಳೆಗಾಲದ ನೀರು ನೀರಾದ ಟೊಮೆಟೊ ಬೇಸಿಗೆಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿಯ ಇನ್‌ಕ್ಯುಬೇಷನ್ ಕೇಂದ್ರಗಳಲ್ಲಿ ಸಣ್ಣ ಉದ್ಯಮಿಗಳಿಗೆ ಯಂತ್ರ ಬಾಡಿಗೆಗೆ ಸಿಗುತ್ತದೆ, ಒಳ್ಳೆಯದೇ. ಆದರೆ ಸರಕು ಮಾಡಿಕೊಂಡು ಹೋಗುವುದು ಬೇರೆ, ಪರೀಕ್ಷೆ ಬೇರೆ.

ಪೈಲಟ್ ಪ್ಲಾಂಟ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ದ್ರವವನ್ನು ಹನಿಯಾಗಿ ಸಿಂಪಡಿಸಿ ಪುಡಿ ಮಾಡುವ ಚಿಕ್ಕ ಸ್ಪ್ರೇ ಡ್ರೈಯರಿನ ಗೋಪುರ ಕಿರಿದು. ದಪ್ಪ ಹನಿ ಒಣಗುವ ಮೊದಲೇ ಗೋಡೆಗೆ ಅಂಟುತ್ತದೆ. ಅದಕ್ಕೆ ಹನಿಯನ್ನು ಸಣ್ಣದು ಮಾಡಬೇಕು, ಆಗ ಪುಡಿಯೂ ನುಣುಪು. ದೊಡ್ಡ ಗೋಪುರದ ಪುಡಿ ನೀರಿನಲ್ಲಿ ಕರಗುವ ರೀತಿಯೇ ಬೇರೆ.

ಹೊಸ ತಿನಿಸಿನ ಕನಸು ಹೊತ್ತು ಇಂಥ ಘಟಕದ ಬಾಗಿಲು ತಟ್ಟುವವರು ಯಂತ್ರಗಳ ಪಟ್ಟಿಯನ್ನು ಆಮೇಲೆ ನೋಡಿ. ಮೊದಲು ಕೆಟ್ಟುಹೋದ ಬ್ಯಾಚುಗಳ ದಾಖಲೆ ಕೇಳಿ. ಅದಿಲ್ಲದ ಕಡೆ ದುಡ್ಡು ಕಟ್ಟಬೇಡಿ.